ಮುಳುಗಿ 80 ವರ್ಷವಾದ ತೈಲ ಹಡಗುಗಳು: ಸೋರಿಕೆ ಈಗೇಕೆ, ಖರ್ಚು ಯಾರದು?

2025ರ ಸೆಪ್ಟೆಂಬರಿನಲ್ಲಿ ಪೆಸಿಫಿಕ್ ಸಾಗರದ ಚೂಕ್ ದ್ವೀಪಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಕಾರಣ ಹೊಸ ಅಪಘಾತವೇನಲ್ಲ. 1944ರ ಫೆಬ್ರವರಿಯಲ್ಲಿ ಅಮೆರಿಕದ ವಿಮಾನಗಳು ದಾಳಿ ಮಾಡಿ ಮುಳುಗಿಸಿದ್ದ ಜಪಾನಿನ ‘ರಿಯೊ ಡಿ ಜನೈರೊ ಮಾರು’ ಹಡಗಿನಿಂದ ಎಣ್ಣೆ ಮೇಲೆ ಬರತೊಡಗಿತ್ತು. ಅದಕ್ಕೂ ಮೂರು ತಿಂಗಳ ಹಿಂದೆ ‘ಪ್ರಾಜೆಕ್ಟ್ ಟಾಂಗರೋವ’ ಎಂಬ ತಜ್ಞರ ಕೂಟ ಮಾಲ್ಟಾ ಘೋಷಣೆ ಎಂಬ ದಾಖಲೆ ಹೊರಡಿಸಿತ್ತು. ಎರಡು ಮಹಾಯುದ್ಧಗಳಲ್ಲಿ ಮುಳುಗಿದ ಹಡಗುಗಳು ದೊಡ್ಡ ಪ್ರಮಾಣದಲ್ಲಿ ಸೋರುವ ಕಾಲ ಹತ್ತಿರವಾಗಿದೆ, ಕೈಕಟ್ಟಿ ಕೂರಬೇಡಿ ಎಂಬುದು ಅದರ ತಿರುಳು.

ಇಂಥ ಸುದ್ದಿ ಓದಿದವರಿಗೆ ಸಹಜವಾಗಿ ಮೂರು ಪ್ರಶ್ನೆ ಏಳುತ್ತವೆ. ಇಷ್ಟು ವರ್ಷ ಸುಮ್ಮನಿದ್ದದ್ದು ಈಗೇಕೆ ಸೋರುತ್ತಿದೆ? ಎಣ್ಣೆ ಇದೆಯೆಂದು ಗೊತ್ತಿದ್ದೂ ಮೊದಲೇ ಪಂಪ್ ಹಾಕಿ ತೆಗೆಯಲಿಲ್ಲವೇಕೆ? ಮುಳುಗಿಸಿದವರಿಂದಲೋ ಮಾಲೀಕರಿಂದಲೋ ಖರ್ಚು ವಸೂಲಿ ಮಾಡಲು ಬರುವುದಿಲ್ಲವೇ? ಮೊದಲ ಪ್ರಶ್ನೆಗೆ ಲೋಹಶಾಸ್ತ್ರ ಉತ್ತರ ಕೊಡುತ್ತದೆ. ಎರಡನೆಯದರಲ್ಲಿ ‘ಗೊತ್ತಿದ್ದೂ’ ಎಂಬ ಮಾತೇ ಸರಿಯಲ್ಲ. ಬಹುತೇಕ ಹಡಗುಗಳ ಹೊಟ್ಟೆಯಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ಮೂರನೆಯದಕ್ಕೆ ಕಾನೂನು ಹೆಚ್ಚೂಕಡಿಮೆ ‘ಇಲ್ಲ’ ಎನ್ನುತ್ತದೆ. ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಖರ್ಚು ಯಾರದೆಂದು ಗೊತ್ತಿಲ್ಲದ ಕಾರಣ ತಪಾಸಣೆಗೆ ಯಾರೂ ಮುಂದಾಗುವುದಿಲ್ಲ. ತಪಾಸಣೆ ಆಗದ್ದರಿಂದ, ಎಣ್ಣೆ ದಡ ಮುಟ್ಟಿದ ದಿನವೇ ವಿಷಯ ತಿಳಿಯುತ್ತದೆ.

ಇಲ್ಲಿ ಮುಖ್ಯವಾಗಿ ನೋಡುವುದು ಜಲಾಂತರ್ಗಾಮಿಗಳಿಗೆ ಬಲಿಯಾದ ವ್ಯಾಪಾರಿ ಟ್ಯಾಂಕರ್‌ಗಳನ್ನು. ಬೇರೆ ಹಡಗುಗಳಲ್ಲಿ ಎಂಜಿನ್ನಿಗೆ ಬೇಕಾದಷ್ಟು ಇಂಧನವಷ್ಟೇ ಇರುತ್ತದೆ. ಟ್ಯಾಂಕರ್‌ನಲ್ಲಿ ಸರಕೇ ಎಣ್ಣೆ.

ಹುಡುಕಿ ಹೊಡೆದದ್ದು ಟ್ಯಾಂಕರ್‌ಗಳನ್ನೇ

ಎರಡನೇ ಮಹಾಯುದ್ಧ ನಡೆದದ್ದು ಎಣ್ಣೆಯ ಮೇಲೆ. ವಿಮಾನ, ಟ್ಯಾಂಕ್, ಯುದ್ಧನೌಕೆ ಯಾವುದಕ್ಕೂ ಅದಿಲ್ಲದೆ ಚಲನೆಯಿಲ್ಲ. ಬ್ರಿಟನ್ನಿನ ನೆಲದಲ್ಲಿ ಆಗ ಹೇಳಿಕೊಳ್ಳುವಷ್ಟು ತೈಲ ಸಿಗುತ್ತಿರಲಿಲ್ಲ. ಅಮೆರಿಕ, ಕೆರಿಬಿಯನ್, ಇರಾನ್ ಕಡೆಯಿಂದ ಸಮುದ್ರದ ಮೇಲೇ ಬರಬೇಕಿತ್ತು. ಹಾಗಾಗಿ ಒಂದು ಟ್ಯಾಂಕರ್ ಮುಳುಗಿಸಿದರೆ ಸಾವಿರಾರು ಮೈಲಿ ದೂರದ ರಣರಂಗದಲ್ಲಿ ಎಂಜಿನ್‌ಗಳು ನಿಲ್ಲುತ್ತವೆ ಎಂಬ ಲೆಕ್ಕ ಜರ್ಮನ್ ನೌಕಾಪಡೆಗೆ ಸ್ಪಷ್ಟವಿತ್ತು.

1941ರ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕಿಳಿದ ಕೆಲವೇ ವಾರಗಳಲ್ಲಿ ಜರ್ಮನಿಯ ‘ಯು-ಬೋಟ್’ ಜಲಾಂತರ್ಗಾಮಿಗಳು ಅಮೆರಿಕದ ಪೂರ್ವ ಕರಾವಳಿಗೆ ಬಂದು ನಿಂತವು. ದಡದ ಊರುಗಳಲ್ಲಿ ದೀಪ ಆರಿಸುವ ಪದ್ಧತಿ ಇನ್ನೂ ಬಂದಿರಲಿಲ್ಲ. ಹಡಗುಗಳು ಬೆಂಗಾವಲಿಲ್ಲದೆ ಒಂಟಿಯಾಗಿ ಓಡಾಡುತ್ತಿದ್ದವು. ದಡದ ಬೆಳಕಿನ ಮುಂದೆ ಕಪ್ಪಗೆ ಕಾಣುವ ಹಡಗಿಗೆ ಗುರಿಯಿಡಲು ಹೆಚ್ಚು ಕಷ್ಟವೇನಿರಲಿಲ್ಲ. 1942ರ ಜನವರಿ 14ರಂದು ಯು-123 ಎಂಬ ಜಲಾಂತರ್ಗಾಮಿ ‘ನಾರ್ನೆಸ್’ ಎಂಬ ಟ್ಯಾಂಕರ್ ಮುಳುಗಿಸಿತು. ಮರುದಿನ, ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್ ಆಚೆ, ಅದೇ ಜಲಾಂತರ್ಗಾಮಿ ‘ಕೊಯಿಂಬ್ರಾ’ ಎಂಬ ಬ್ರಿಟಿಷ್ ಧ್ವಜದ ಟ್ಯಾಂಕರ್‌ಗೆ ಟಾರ್ಪೆಡೊ ಹೊಡೆಯಿತು. ನ್ಯೂಜೆರ್ಸಿಯಲ್ಲಿ ಲೂಬ್ರಿಕೇಟಿಂಗ್ ಎಣ್ಣೆ ತುಂಬಿಕೊಂಡು ಕೆನಡಾದ ಹ್ಯಾಲಿಫ್ಯಾಕ್ಸ್ ಮೂಲಕ ಬ್ರಿಟನ್ನಿಗೆ ಹೊರಟಿದ್ದ ಹಡಗದು. ಎದ್ದ ಬೆಂಕಿ ದಡದಲ್ಲಿದ್ದವರಿಗೇ ಕಾಣಿಸಿತು. 46 ಮಂದಿಯಲ್ಲಿ 36 ಮಂದಿ ಸತ್ತರು. ಈ ಕೊಯಿಂಬ್ರಾ ಮುಂದೆ ಮತ್ತೆ ಬರುತ್ತದೆ.

ಒಂದು ವರ್ಷದ ನಂತರ, 1943ರ ಜನವರಿಯಲ್ಲಿ, ಉತ್ತರ ಆಫ್ರಿಕಾದ ಸೇನೆಗಳಿಗೆ ತೈಲ ಹೊತ್ತು ಟ್ರಿನಿಡಾಡ್‌ನಿಂದ ಜಿಬ್ರಾಲ್ಟರ್‌ಗೆ ಹೊರಟ 9 ಟ್ಯಾಂಕರ್‌ಗಳ ಗುಂಪಿನಲ್ಲಿ ಗುರಿ ಮುಟ್ಟಿದ್ದು ಎರಡೇ. ನಷ್ಟ ಯಾವ ಮಟ್ಟಕ್ಕೆ ಹೋಯಿತೆಂದರೆ ಅಮೆರಿಕ ಸಮುದ್ರವನ್ನೇ ಬಿಟ್ಟು ಟೆಕ್ಸಾಸ್‌ನಿಂದ ಪೂರ್ವ ಕರಾವಳಿಗೆ 24 ಇಂಚು ವ್ಯಾಸದ ‘ಬಿಗ್ ಇಂಚ್’ ಎಂಬ ಉದ್ದನೆಯ ಕೊಳವೆಮಾರ್ಗವನ್ನು ನೆಲದಡಿ ಹಾಕಿಸಿತು. ಪೆಸಿಫಿಕ್‌ನಲ್ಲಿ ಆಟ ತಿರುಗಿತ್ತು. ಅಲ್ಲಿ ಬೇಟೆಗಾರ ಅಮೆರಿಕ, ಬೇಟೆ ಜಪಾನ್. ಇಂಡೋನೇಷ್ಯಾದ ತೈಲ ತರುತ್ತಿದ್ದ ಜಪಾನಿನ ಟ್ಯಾಂಕರ್‌ಗಳನ್ನು ಅಮೆರಿಕದ ಜಲಾಂತರ್ಗಾಮಿಗಳು ಒಂದೊಂದಾಗಿ ಹೊಡೆದವು. 1945ರ ಹೊತ್ತಿಗೆ ಜಪಾನಿಗೆ ಹೊರಗಿನಿಂದ ತೈಲ ಬರುವುದೇ ನಿಂತಿತ್ತು.

ಇಂದಿನ ಅಪಾಯದ ಭೂಪಟ ಆಗಿನ ತೈಲಮಾರ್ಗಗಳ ಭೂಪಟವೇ. 2005ರಲ್ಲಿ ಪ್ರಕಟವಾದ ಅಂದಾಜಿನಂತೆ ಜಗತ್ತಿನಲ್ಲಿ ಮಾಲಿನ್ಯ ಉಂಟುಮಾಡಬಹುದಾದ ಮುಳುಗಿದ ಹಡಗುಗಳು 8,569. ಅವುಗಳಲ್ಲಿ ಟ್ಯಾಂಕರ್‌ಗಳು 1,583. ಮುಕ್ಕಾಲು ಪಾಲು ಎರಡನೇ ಮಹಾಯುದ್ಧದವು. ಅವುಗಳಲ್ಲಿ ಉಳಿದಿರಬಹುದಾದ ಎಣ್ಣೆ 25 ಲಕ್ಷ ಟನ್‌ನಿಂದ 2 ಕೋಟಿ 4 ಲಕ್ಷ ಟನ್. ಈ ಎರಡು ಅಂಕಿಗಳ ನಡುವಿನ ಅಂತರ ಗಮನಿಸಬೇಕು: ಎಂಟು ಪಟ್ಟು. 1989ರಲ್ಲಿ ಅಲಾಸ್ಕಾದಲ್ಲಿ ಜಗತ್ತನ್ನೇ ಬೆಚ್ಚಿಬೀಳಿಸಿದ ಎಕ್ಸಾನ್ ವಾಲ್ಡೀಝ್ ಹಡಗಿನಿಂದ ಚೆಲ್ಲಿದ್ದು ಸುಮಾರು 37 ಸಾವಿರ ಟನ್. ಆ ಲೆಕ್ಕದಲ್ಲಿ ಕೆಳಗಿನ ಅಂಕಿಯೇ ಸಾಕಷ್ಟು ದೊಡ್ಡದು. ಆದರೆ ಅಂದಾಜು ಇಷ್ಟು ಸಡಿಲವಾಗಿರುವುದೇ ಈ ಸಮಸ್ಯೆಯ ನಿಜವಾದ ಸುದ್ದಿ ಎನ್ನಬೇಕು. ಪತ್ರಿಕೆಗಳು ಮಾತ್ರ ಸಾಮಾನ್ಯವಾಗಿ ಮೇಲಿನ ಅಂಕಿಯನ್ನೇ ಎತ್ತಿ ಶೀರ್ಷಿಕೆ ಮಾಡುತ್ತವೆ.

ತುಕ್ಕಿನ ಲೆಕ್ಕಾಚಾರ

ಸಮುದ್ರದ ನೀರಿನಲ್ಲಿ ಉಕ್ಕು ವರ್ಷಕ್ಕೆ ಹೆಚ್ಚೂಕಡಿಮೆ 0.1 ಮಿಲಿಮೀಟರ್‌ನಷ್ಟು ಸವೆಯುತ್ತದೆ ಎಂಬುದು ಸ್ಥೂಲ ಲೆಕ್ಕ. ನೀರು ಬೆಚ್ಚಗಿದ್ದರೆ, ಆಮ್ಲಜನಕ ಹೆಚ್ಚಿದ್ದರೆ ಸವೆತ ಜಾಸ್ತಿ. ಆಳದಲ್ಲಿ, ತಣ್ಣೀರಿನಲ್ಲಿ, ಕೆಸರಿನಲ್ಲಿ ಹೂತಿದ್ದರೆ ಕಡಿಮೆ. 80 ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಹೋಯಿತು ಎಂದುಕೊಳ್ಳಿ. ಒಂದು ಅಂಗುಲಕ್ಕಿಂತ ತೆಳುವಾದ ಹಡಗಿನ ತಗಡಿಗೆ ಅದು ಸಣ್ಣ ನಷ್ಟವಲ್ಲ. ದಶಕಗಟ್ಟಲೆ ಒಂದೇ ವೇಗದಲ್ಲಿ ಸವೆದರೂ ಹೊರಗಿನಿಂದ ಏನೂ ಕಾಣುವುದಿಲ್ಲ. ತಗಡು ತನ್ನದೇ ಭಾರ ಹೊರಲಾರದಷ್ಟು ತೆಳುವಾದಾಗ ಮಾತ್ರ ವಿಷಯ ಬಯಲಾಗುತ್ತದೆ. ಹೆಚ್ಚೂಕಡಿಮೆ ಒಂದೇ ರೀತಿಯ ಉಕ್ಕಿನಿಂದ ಕಟ್ಟಿದ ಸಾವಿರಾರು ಹಡಗುಗಳು ಒಂದೇ ಐದಾರು ವರ್ಷಗಳಲ್ಲಿ ಮುಳುಗಿದ್ದವು. ಆದ್ದರಿಂದ ಅವು ಸೋಲುವ ಕಾಲವೂ ಹತ್ತಿರ ಹತ್ತಿರವೇ ಬರುತ್ತದೆ. ಈಗೀಗ ಇಂಥ ಸುದ್ದಿ ಪದೇ ಪದೇ ಕಿವಿಗೆ ಬೀಳುವುದಕ್ಕೆ ಇದೇ ಕಾರಣ.

ತುಕ್ಕು ಒಂದೇ ಅಪರಾಧಿಯಲ್ಲ. ಆ ಕಾಲದ ಅನೇಕ ಹಡಗುಗಳ ತಗಡುಗಳನ್ನು ಬೆಸುಗೆ ಹಾಕದೆ ರಿವೆಟ್ ಹೊಡೆದು ಜೋಡಿಸಿದ್ದರು. ರಿವೆಟ್ ತಲೆ ಉದುರಿದರೆ ಅಲ್ಲೊಂದು ತೂತು, ಎಣ್ಣೆ ಹನಿ ಹನಿಯಾಗಿ ಹೊರಡುತ್ತದೆ. ಚಂಡಮಾರುತ ಬಂದರೆ ಆಳವಿಲ್ಲದ ಕಡೆ ಹಡಗೇ ಅಲುಗಾಡುತ್ತದೆ. ಟ್ರಾಲ್ ಬಲೆ, ಲಂಗರು ಸಿಕ್ಕಿಕೊಂಡು ತಗಡು ಹರಿಯುವುದುಂಟು. ಗುಜರಿಗಾಗಿ ಕದಿಯುವವರೂ ಇದ್ದಾರೆ. 2023ರಲ್ಲಿ ಮಲೇಷ್ಯಾ ತಡೆದು ನಿಲ್ಲಿಸಿದ ಚೀನೀ ದೋಣಿಯೊಂದರ ಮೇಲೆ, ಯುದ್ಧಕಾಲದ ಬ್ರಿಟಿಷ್ ನೌಕೆ ‘ಪ್ರಿನ್ಸ್ ಆಫ್ ವೇಲ್ಸ್’ನ ಅವಶೇಷ ಕಿತ್ತ ಅನುಮಾನ ಬಂದಿತ್ತು. ಹೀಗೆ ಕೀಳುವವರು ಎಣ್ಣೆ ಟ್ಯಾಂಕ್ ಯಾವ ಕಡೆ ಇದೆಯೆಂದು ನೋಡಿ ಕೀಳುವುದಿಲ್ಲ.

ಯಾವ ಎಣ್ಣೆ ಎಂಬುದೂ ಮುಖ್ಯ. ಪೆಟ್ರೋಲ್, ವಿಮಾನದ ಇಂಧನ ಹೊರಬಂದರೆ ಬಹುಪಾಲು ಆವಿಯಾಗಿ ಹೋಗುತ್ತದೆ. ದಪ್ಪನೆಯ ಫರ್ನೇಸ್ ಆಯಿಲ್ ಹಾಗಲ್ಲ. ಉತ್ತರ ಅಟ್ಲಾಂಟಿಕ್‌ನ ತಣ್ಣನೆಯ ತಳದಲ್ಲಿ ಅದು ಗಟ್ಟಿಯಾಗಿ ತೂತಿದ್ದರೂ ಹೊರಗೆ ಹರಿಯದೆ ಕೂರಬಹುದು. ಉಷ್ಣವಲಯದ ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಸಲೀಸಾಗಿ ಹರಿಯುತ್ತದೆ. ಬೆಚ್ಚಗಿನ ನೀರಿನಲ್ಲಿ ತುಕ್ಕೂ ಬೇಗ, ಹರಿವೂ ಬೇಗ. ಚೂಕ್‌ನಂಥ ಬಡ ದ್ವೀಪಗಳಿಗೆ ಪ್ರಕೃತಿಯೂ ಅನುಕೂಲವಾಗಿಲ್ಲ, ಹಣವೂ ಇಲ್ಲ.

ಮೂರು ವಾರದ ಅಂತರದಲ್ಲಿ ಮುಳುಗಿದ ಎರಡು ಟ್ಯಾಂಕರ್‌ಗಳು

ಈಗ ಕೊಯಿಂಬ್ರಾಗೆ ಮರಳೋಣ. ಲಾಂಗ್ ಐಲೆಂಡ್ ಆಚೆ ಸುಮಾರು 180 ಅಡಿ ಆಳದಲ್ಲಿ ಅದು ಮೂರು ತುಂಡಾಗಿ ಬಿದ್ದಿದೆ. ಮುಳುಗಿದಾಗ ಅದರಲ್ಲಿ 75 ಲಕ್ಷ ಲೀಟರ್‌ಗೂ ಹೆಚ್ಚು ಎಣ್ಣೆ ಇತ್ತು. ಆ ಜಾಗದಲ್ಲಿ ನೀರಿನ ಮೇಲೆ ಎಣ್ಣೆಯ ಪೊರೆ ತೇಲುವುದನ್ನು ಜನ ದಶಕಗಳಿಂದ ನೋಡುತ್ತಿದ್ದರು. 2013ರಲ್ಲಿ ಅಮೆರಿಕದ ಸಾಗರ ಸಂಸ್ಥೆ ನೋವಾ ತನ್ನ ಕರಾವಳಿಯ ಸುಮಾರು 20 ಸಾವಿರ ಮುಳುಗಿದ ಹಡಗುಗಳ ದಾಖಲೆಗಳನ್ನು ಜರಡಿ ಹಿಡಿದು, 87 ಹಡಗುಗಳ ಅಪಾಯಪಟ್ಟಿ ಮಾಡಿತು. ಕೊಯಿಂಬ್ರಾ ಅದರಲ್ಲಿತ್ತು. 2019ರಲ್ಲಿ ಕೋಸ್ಟ್ ಗಾರ್ಡ್ ಮುಳುಗುಗಾರರನ್ನು ಇಳಿಸಿ ಪರೀಕ್ಷಿಸಿ, ಟ್ಯಾಂಕ್‌ಗಳಿಂದ ಸುಮಾರು 17 ಲಕ್ಷ ಲೀಟರ್ ಎಣ್ಣೆ ಹೊರತೆಗೆಯಿತು.

ಇದು ಮಾಡುವ ರೀತಿ ಹೀಗೆ: ಹಡಗಿನ ಹೊರತಗಡಿಗೆ ಮೊದಲು ಒಂದು ಕವಾಟ (ವಾಲ್ವ್) ಬಿಗಿಯುತ್ತಾರೆ. ಆ ಕವಾಟದ ಒಳಗಿಂದಲೇ ತಗಡು ಕೊರೆಯುತ್ತಾರೆ, ಎಣ್ಣೆ ಹೊರಚೆಲ್ಲದಿರಲಿ ಎಂದು. ನಂತರ ಕೊಳವೆ ಸಿಕ್ಕಿಸಿ ಮೇಲಿನ ಹಡಗಿಗೆ ಪಂಪ್ ಮಾಡುತ್ತಾರೆ. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಟ್ಯಾಂಕಿನ ಮೇಲ್ಭಾಗದಲ್ಲೇ ನಿಂತಿರುತ್ತದೆ. ಕೆಳಗಿನಿಂದ ನೀರು ನುಗ್ಗಲು ಬಿಟ್ಟರೆ ಆ ನೀರೇ ಎಣ್ಣೆಯನ್ನು ಮೇಲೆ ತಳ್ಳುತ್ತದೆ. ಎಣ್ಣೆ ಗಟ್ಟಿಯಾಗಿದ್ದರೆ ಬಿಸಿ ಮಾಡಬೇಕಾಗುತ್ತದೆ. ತಂತ್ರ ಹೊಸದೇನಲ್ಲ. 2002ರಲ್ಲಿ ಸ್ಪೇನ್ ಆಚೆ ಮುಳುಗಿದ ‘ಪ್ರೆಸ್ಟೀಜ್’ ಟ್ಯಾಂಕರ್‌ನಿಂದ ಮೂರೂವರೆ ಸಾವಿರ ಮೀಟರಿಗೂ ಹೆಚ್ಚು ಆಳದಲ್ಲಿ 13 ಸಾವಿರ ಟನ್‌ಗೂ ಹೆಚ್ಚು ಎಣ್ಣೆ ತೆಗೆದಿದ್ದಾರೆ, ಮುಳುಗುಗಾರರಿಲ್ಲದೆ, ಯಂತ್ರಗಳಿಂದಲೇ. ಆಳ ಅಡ್ಡಿಯಲ್ಲ; ದುಡ್ಡು ಅಡ್ಡಿ.

ಇನ್ನೊಂದು ಹಡಗು ‘ಮಾಂಟೆಬೆಲ್ಲೊ’. ಕೊಯಿಂಬ್ರಾಗಿಂತ ಮೂರು ವಾರ ಮೊದಲು, 1941ರ ಡಿಸೆಂಬರ್ 23ರಂದು, ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಜಪಾನಿನ ಐ-21 ಜಲಾಂತರ್ಗಾಮಿ ಅದನ್ನು ಮುಳುಗಿಸಿತು. ಸಿಬ್ಬಂದಿಯೆಲ್ಲ ಬದುಕಿಕೊಂಡರು. ಹಡಗು ಸುಮಾರು 30 ಲಕ್ಷ ಗ್ಯಾಲನ್, ಅಂದರೆ ಒಂದು ಕೋಟಿ ಲೀಟರಿಗೂ ಹೆಚ್ಚು ಕಚ್ಚಾತೈಲದೊಂದಿಗೆ ಸುಮಾರು 900 ಅಡಿ ಆಳಕ್ಕಿಳಿಯಿತು. ಹಡಗಿನ ಹೊಟ್ಟೆಭಾಗ ಹೆಚ್ಚಾಗಿ ಇಡಿಯಾಗಿಯೇ ಇದೆ ಎಂಬುದು ತಿಳಿದಾಗ ಭಯ ಇನ್ನೂ ಹೆಚ್ಚಿತು: ಅಷ್ಟೂ ತೈಲ ಒಳಗೇ ಇರಬೇಕು, ಒಂದು ದಿನ ಒಡೆದರೆ ಕ್ಯಾಲಿಫೋರ್ನಿಯಾದ ಕಡಲತೀರದ ಗತಿಯೇನು? 2011ರಲ್ಲಿ ಯಂತ್ರಗಳನ್ನು ಇಳಿಸಿ, ತಗಡಿನ ಹೊರಗಿನಿಂದಲೇ ಒಳಗಿರುವುದು ಎಣ್ಣೆಯೋ ನೀರೋ ಎಂದು ಹೇಳಬಲ್ಲ ನ್ಯೂಟ್ರಾನ್ ಉಪಕರಣದಿಂದ ಪರೀಕ್ಷಿಸಿದರು, ಮಾದರಿಗಳನ್ನೂ ತೆಗೆದರು. ಹೇಳಿಕೊಳ್ಳುವಷ್ಟು ಎಣ್ಣೆ ಇರಲಿಲ್ಲ. ಯಾರಿಗೂ ಕಾಣದಂತೆ ಎಂದೋ ಹೊರಟುಹೋಗಿತ್ತು.

ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವಾದದ ಎರಡೂ ಬದಿಗಳಿಗೆ ಮುಜುಗರ. ಮೂರು ತುಂಡಾದ ಹಡಗಿನಲ್ಲಿ ಎಣ್ಣೆ ಉಳಿದಿತ್ತು, ಇಡಿಯಾಗಿದ್ದ ಹಡಗಿನಲ್ಲಿ ಉಳಿದಿರಲಿಲ್ಲ. ‘ಎಲ್ಲ ಟೈಂ ಬಾಂಬ್‌ಗಳು’ ಎನ್ನುವವರಿಗೆ ಮಾಂಟೆಬೆಲ್ಲೊ ಉತ್ತರ. ‘ಇಷ್ಟು ವರ್ಷದಲ್ಲಿ ಸೋರಿ ಮುಗಿದಿರುತ್ತದೆ ಬಿಡಿ’ ಎನ್ನುವವರಿಗೆ ಕೊಯಿಂಬ್ರಾ ಉತ್ತರ. ಇಳಿದು ನೋಡದೆ ಯಾರೂ ಹೇಳಲಾರರು ಎಂಬುದಷ್ಟೇ ಸಾಬೀತಾದದ್ದು. ಸರಕಿಲ್ಲದೆ, ಖಾಲಿ ಟ್ಯಾಂಕ್‌ಗಳಲ್ಲಿ ಹೋಗುತ್ತಿದ್ದಾಗ ಮುಳುಗಿದ ಟ್ಯಾಂಕರ್‌ಗಳೂ ಎಷ್ಟೋ ಇವೆ. ಎಣ್ಣೆ ತುಂಬಿಸಿಕೊಳ್ಳಲು ಇರಾನಿನ ಅಬಾದಾನ್ ಕಡೆ ಹೊರಟಿದ್ದ ‘ಬ್ರಿಟಿಷ್ ಷಿವಲ್ರಿ’ಯನ್ನು 1944ರ ಫೆಬ್ರವರಿಯಲ್ಲಿ ಜಪಾನಿನ ಜಲಾಂತರ್ಗಾಮಿ ಹಿಂದೂ ಮಹಾಸಾಗರದಲ್ಲಿ ಹೊಡೆಯಿತು. ಪಟ್ಟಿಯಲ್ಲಿ ಅದೂ ಟ್ಯಾಂಕರ್ರೇ, ಆದರೆ ಸರಕು ಎಣ್ಣೆ ಸೋರುವ ಪ್ರಶ್ನೆಯೇ ಅಲ್ಲಿಲ್ಲ. ಹಾಗಾಗಿ ಹಡಗು ಹೋಗುತ್ತಿತ್ತೋ ಬರುತ್ತಿತ್ತೋ ಎಂಬ ಒಂದು ಸಾಲಿನ ಮಾಹಿತಿಯೇ ಅಪಾಯದ ಅರ್ಧ ಲೆಕ್ಕ ಮುಗಿಸುತ್ತದೆ.

ಹಡಗು ಯಾರದು?

2025ರ ಮೇ 25ರಂದು ಕೊಚ್ಚಿ ಆಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದಾಗ ಮುಂದೇನು ಎಂಬ ದಾರಿ ಸ್ಪಷ್ಟವಿತ್ತು. ಹಡಗಿನ ಹೊಣೆ ಹೊರುವ ಕಂಪನಿ ಇತ್ತು, ವಿಮೆ ಇತ್ತು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ಅದೇ ಸಮೂಹದ ಇನ್ನೊಂದು ಹಡಗನ್ನು ಬಂದರಿನಲ್ಲೇ ತಡೆದು ನಿಲ್ಲಿಸಲು ನ್ಯಾಯಾಲಯ ಹೇಳಿತು. ಪರಿಹಾರದ ಮೊತ್ತ ಎಷ್ಟಾಗಬೇಕು ಎಂಬ ಜಗಳ ಬೇರೆ. ಯಾರ ಮೇಲೆ ದಾವೆ ಹೂಡಬೇಕು ಎಂಬುದರಲ್ಲಿ ಗೊಂದಲವಿರಲಿಲ್ಲ. ಯುದ್ಧಕಾಲದ ಟ್ಯಾಂಕರ್ ವಿಚಾರದಲ್ಲಿ ಈ ಮೊದಲ ಹೆಜ್ಜೆಯೇ ಇಲ್ಲ.

ಕೊಯಿಂಬ್ರಾ ಯಾರದು ಎಂದು ಕೇಳಿ ನೋಡಿ. ಧ್ವಜ ಬ್ರಿಟಿಷ್. ಒಡೆತನ ಅಮೆರಿಕದ ತೈಲ ಸಮೂಹದ್ದು. ಎಣ್ಣೆ ತುಂಬಿದ್ದು ನ್ಯೂಜೆರ್ಸಿಯಲ್ಲಿ. ಮುಳುಗಿಸಿದ್ದು ಜರ್ಮನಿ. ಸೋರಿಕೆ ಅಮೆರಿಕದ ತೀರಕ್ಕೆ. ಯುದ್ಧದ ಕಾಲದಲ್ಲಿ ಸಾಮಾನ್ಯ ವಿಮಾ ಕಂಪನಿಗಳು ಅಷ್ಟು ಅಪಾಯ ಹೊರುತ್ತಿರಲಿಲ್ಲವಾದ್ದರಿಂದ ಬ್ರಿಟಿಷ್ ಸರ್ಕಾರ ತಾನೇ ಯುದ್ಧವಿಮೆ ಕೊಡುತ್ತಿತ್ತು. ಹಡಗು ಹೋದಾಗ ಮಾಲೀಕನಿಗೆ ಹಣ ಕೊಟ್ಟು, ಮುಳುಗಿದ ಹಡಗಿನ ಹಕ್ಕನ್ನು ತಾನು ಪಡೆಯುತ್ತಿತ್ತು. ಈ ಕಾರಣಕ್ಕೆ ಆ ಕಾಲದ ಅನೇಕ ವ್ಯಾಪಾರಿ ಹಡಗುಗಳ ಅವಶೇಷಗಳಿಗೆ ಇಂದಿಗೂ ಬ್ರಿಟನ್ನಿನ ಸಾರಿಗೆ ಇಲಾಖೆಯೇ ಒಡೆಯ. ಆದರೆ ಒಡೆತನವಿದ್ದ ಮಾತ್ರಕ್ಕೆ ಶುಚಿಮಾಡುವ ಹೊಣೆ ಕಾನೂನಿನಲ್ಲಿ ಬರುವುದಿಲ್ಲ.

ಅಂತಾರಾಷ್ಟ್ರೀಯ ಒಪ್ಪಂದಗಳು ಇಲ್ಲವೇ? ಇವೆ. ಮುಳುಗಿದ ಹಡಗು ತೆಗೆಸುವ ನೈರೋಬಿ ಒಪ್ಪಂದ 2007ರಲ್ಲಿ ಅಂಗೀಕಾರವಾಗಿ 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆದರೆ ಅದು ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ, ಯುದ್ಧನೌಕೆಗಳಿಗೂ ಅನ್ವಯಿಸುವುದಿಲ್ಲ. ಟ್ಯಾಂಕರ್ ಎಣ್ಣೆ ಸೋರಿದರೆ ಪರಿಹಾರ ಕೊಡಿಸುವ ಇನ್ನೊಂದು ವ್ಯವಸ್ಥೆಯಿದೆ, ತೈಲ ಆಮದುದಾರರ ಹಣದಿಂದ ನಡೆಯುವ ಅಂತಾರಾಷ್ಟ್ರೀಯ ನಿಧಿಯೂ ಇದೆ. ಎರಡರಲ್ಲೂ ಒಂದೇ ವಿನಾಯಿತಿ: ಹಾನಿ ಯುದ್ಧಕೃತ್ಯದಿಂದಾಗಿದ್ದರೆ ಮಾಲೀಕನೂ ಹೊಣೆಯಲ್ಲ, ನಿಧಿಯೂ ಕೊಡುವುದಿಲ್ಲ.

ಹಾಗಾದರೆ ಮುಳುಗಿಸಿದವರು? 1936ರ ಲಂಡನ್ ಒಪ್ಪಂದದ ಪ್ರಕಾರ ಜಲಾಂತರ್ಗಾಮಿಗಳು ವ್ಯಾಪಾರಿ ಹಡಗಿನ ಜನರನ್ನು ಸುರಕ್ಷಿತ ಜಾಗಕ್ಕೆ ಸೇರಿಸದೆ ಹಡಗು ಮುಳುಗಿಸುವಂತಿರಲಿಲ್ಲ. ಯುದ್ಧ ಸಾಗಿದಂತೆ ಅದರ ಪಾಲನೆ ಉಳಿಯಲಿಲ್ಲ. ಯುದ್ಧಾಪರಾಧಗಳ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಜರ್ಮನ್ ನೌಕಾಧಿಪತಿ ಡೋನಿಟ್ಸ್ ಮೇಲೆ ಈ ಆರೋಪ ಬಂದಾಗ, ಅಮೆರಿಕದ ಜಲಾಂತರ್ಗಾಮಿಗಳೂ ಪೆಸಿಫಿಕ್‌ನಲ್ಲಿ ಹಾಗೆಯೇ ನಡೆದುಕೊಂಡವು ಎಂದು ಅಮೆರಿಕದ ಅಡ್ಮಿರಲ್ ನಿಮಿಟ್ಸ್ ಲಿಖಿತ ಉತ್ತರ ಕೊಟ್ಟರು. ನ್ಯಾಯಮಂಡಳಿ ಆ ಉಲ್ಲಂಘನೆಗಳನ್ನು ಶಿಕ್ಷೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ಜಪಾನಿನ ಮಟ್ಟಿಗೆ 1951ರ ಸ್ಯಾನ್ ಫ್ರಾನ್ಸಿಸ್ಕೊ ಶಾಂತಿ ಒಪ್ಪಂದದಲ್ಲಿ ಸಹಿ ಹಾಕಿದ ಮಿತ್ರರಾಷ್ಟ್ರಗಳು ಒಪ್ಪಂದದಲ್ಲಿ ಹೇಳಿದ್ದನ್ನು ಬಿಟ್ಟು ಉಳಿದ ಪರಿಹಾರದ ಹಕ್ಕುಗಳನ್ನು ಕೈಬಿಟ್ಟವು.

ಕೊನೆಗೆ ಕೊಯಿಂಬ್ರಾದ ಖರ್ಚು ಹೊತ್ತದ್ದು ಅಮೆರಿಕದ ತೈಲ ಸೋರಿಕೆ ನಿಧಿ. ಎಕ್ಸಾನ್ ವಾಲ್ಡೀಝ್ ಅಪಘಾತದ ನಂತರದ 1990ರ ಕಾಯ್ದೆಯಿಂದ ಬಲ ಪಡೆದ ಈ ನಿಧಿ, ತೈಲ ಕಂಪನಿಗಳು ಬ್ಯಾರೆಲ್‌ಗೆ ಕೆಲವು ಸೆಂಟ್‌ನಂತೆ ಕಟ್ಟಿದ ತೆರಿಗೆಯಿಂದ ಬೆಳೆದದ್ದು. ಮಾಲೀಕ ಸಿಕ್ಕಲಿ ಸಿಕ್ಕದಿರಲಿ, ಮೊದಲು ಕೆಲಸ ಮಾಡಿಸಲು ಕೈಯಲ್ಲಿ ಹಣವಿರುತ್ತದೆ. ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪದ ಕಥೆ ಬೇರೆ ಬಗೆಯದು. 1941ರ ಅಕ್ಟೋಬರ್‌ನಲ್ಲಿ ಯು-68 ಅಲ್ಲಿ ಮುಳುಗಿಸಿದ ‘ಡಾರ್ಕ್‌ಡೇಲ್’ ಬ್ರಿಟಿಷ್ ನೌಕಾಪಡೆಗೇ ಎಣ್ಣೆ ಪೂರೈಸುತ್ತಿದ್ದ ಸರ್ಕಾರಿ ಟ್ಯಾಂಕರ್. 41 ಮಂದಿ ಅದರಲ್ಲಿ ಸತ್ತಿದ್ದರು. 2010ರ ನಂತರ ಸೋರಿಕೆ ಹೆಚ್ಚಾದಾಗ ಬ್ರಿಟನ್ನಿನ ರಕ್ಷಣಾ ಸಚಿವಾಲಯ ಜಾರಿಕೊಳ್ಳುವಂತಿರಲಿಲ್ಲ. 2015ರಲ್ಲಿ ಸುಮಾರು 19 ಲಕ್ಷ ಲೀಟರ್ ಎಣ್ಣೆ ತೆಗೆಸಿತು. ಸ್ವಂತ ನಿಧಿ ಇರುವ ಶ್ರೀಮಂತ ದೇಶ, ಇಲ್ಲವೇ ಮುಖ ತಪ್ಪಿಸಲಾಗದ ಸರ್ಕಾರಿ ಮಾಲೀಕ: ಈ ಎರಡರಲ್ಲಿ ಒಂದಿದ್ದ ಕಡೆ ಕೆಲಸವಾಗಿದೆ. ಖಾಸಗಿ ಟ್ಯಾಂಕರ್ ಬಡ ದೇಶದ ನೀರಿನಲ್ಲಿ ಬಿದ್ದಿದ್ದರೆ ಎರಡೂ ಇಲ್ಲ.

ಇದು ಹಳೆಯ ಕಥೆ ಮಾತ್ರವಲ್ಲ. 2024ರ ಆಗಸ್ಟ್‌ನಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನಿನ ಹೌತಿ ಬಂಡುಕೋರರ ದಾಳಿಗೆ ಸಿಕ್ಕಿ ಉರಿಯುತ್ತಿದ್ದ ‘ಸೌನಿಯನ್’ ಟ್ಯಾಂಕರ್‌ನಲ್ಲಿ ಸುಮಾರು 1.5 ಲಕ್ಷ ಟನ್ ಕಚ್ಚಾತೈಲವಿತ್ತು. ವಾರಗಟ್ಟಲೆ ಹೆಣಗಿ ಅದನ್ನು ಎಳೆದು ತಂದು ಎಣ್ಣೆ ಬೇರೆ ಹಡಗಿಗೆ ದಾಟಿಸಿದರು. ಮುಳುಗಿದ್ದರೆ, ಅದೇ ಯುದ್ಧಕೃತ್ಯದ ವಿನಾಯಿತಿಯನ್ನು ಹಿಡಿದುಕೊಂಡು ಎಲ್ಲರೂ ಕೈತೊಳೆದುಕೊಳ್ಳಲು ಅವಕಾಶವಿತ್ತು. ಜಲಾಂತರ್ಗಾಮಿಯ ಜಾಗಕ್ಕೆ ಡ್ರೋನ್ ಬಂದಿದೆ, ಕಾನೂನಿನ ತೂತು ಹಾಗೆಯೇ ಇದೆ.

ತೆಗೆಯಬೇಕೆ, ಬಿಡಬೇಕೆ

ತೆಗೆಯಿರಿ ಎನ್ನುವವರ ವಾದ ಸರಳ. ಇಂದು ಕವಾಟ ಬಿಗಿಯಲು ತಗಡು ಇನ್ನೂ ಗಟ್ಟಿಯಿದೆ. ಇನ್ನು ಇಪ್ಪತ್ತು ವರ್ಷ ಬಿಟ್ಟರೆ ಮುಟ್ಟಿದಲ್ಲಿ ಪುಡಿಯಾಗುತ್ತದೆ, ಆಗ ತೆಗೆಯುವ ದಾರಿಯೂ ಮುಚ್ಚುತ್ತದೆ. ಶಾಂತವಾದ ಹವೆಯಲ್ಲಿ ಯೋಜನೆ ಹಾಕಿ ಪಂಪ್ ಮಾಡುವುದಕ್ಕೂ, ಎಣ್ಣೆ ಹವಳದ ದಂಡೆಗೆ ಬಡಿದ ಮೇಲೆ ಓಡಿಬಂದು ಬಳಿಯುವುದಕ್ಕೂ ಖರ್ಚಿನಲ್ಲಿ ಹೋಲಿಕೆಯೇ ಇಲ್ಲ.

ಬಿಟ್ಟುಬಿಡಿ ಎನ್ನುವವರೂ ಹೊಣೆಗೇಡಿಗಳಲ್ಲ. ಹಡಗುಗಳಲ್ಲಿ ನಾವಿಕರ ಅಸ್ಥಿಗಳಿವೆ, ಕೊರೆಯುವುದೆಂದರೆ ಸಮಾಧಿ ಕೆದಕುವುದೇ. ಮುಳುಗಿ ನೂರು ವರ್ಷ ದಾಟಿದ್ದನ್ನು ಯುನೆಸ್ಕೊದ 2001ರ ಒಪ್ಪಂದ ನೀರಿನಡಿಯ ಪರಂಪರೆ ಎಂದು ಪರಿಗಣಿಸುತ್ತದೆ. 2039ರಿಂದ 2045ರ ನಡುವೆ ಎರಡನೇ ಮಹಾಯುದ್ಧದ ಹಡಗುಗಳೆಲ್ಲ ಆ ಗೆರೆ ದಾಟುತ್ತವೆ. ಎಷ್ಟೋ ಅವಶೇಷಗಳ ಮೇಲೆ ಹವಳ ಬೆಳೆದು ಮೀನುಗಳಿಗೆ ಮನೆಯಾಗಿದೆ, ಮುಳುಗು ಪ್ರವಾಸದಿಂದ ಊರಿಗೆ ಆದಾಯ ಬರುತ್ತಿದೆ. ಕೊರೆಯುವಾಗ ಕೈತಪ್ಪಿದರೆ ಇಲ್ಲದ ಸೋರಿಕೆಯನ್ನು ನಾವೇ ತಂದಂತಾಗುತ್ತದೆ. ಹನಿ ಹನಿಯಾಗಿ ಸೋರುವುದನ್ನು ವಿಶಾಲ ಸಮುದ್ರ ಅರಗಿಸಿಕೊಳ್ಳುತ್ತದೆ ಎಂಬ ವಾದವೂ ಇದೆ. ತೆರೆದ ಸಾಗರದ ಮಟ್ಟಿಗೆ ಅದು ಸರಿಯಿರಬಹುದು, ಸುತ್ತ ಹವಳದ ಗೋಡೆಯಿರುವ ಲಗೂನಿನಲ್ಲಿ ಅಲ್ಲ.

ಈ ಜಗಳ ನನ್ನ ದೃಷ್ಟಿಯಲ್ಲಿ ಸ್ವಲ್ಪ ಅಕಾಲಿಕ. ಒಳಗೆ ಎಣ್ಣೆಯಿಲ್ಲದ ಹಡಗಿನ ಬಗ್ಗೆ ಎರಡೂ ಬಣಗಳಿಗೆ ಭಿನ್ನಾಭಿಪ್ರಾಯವೇ ಇರಲಾರದು. ಎಣ್ಣೆ ತುಂಬಿ, ತಗಡು ತೆಳುವಾಗಿ, ಮೀನುಗಾರರ ಊರಿನ ಎದುರಿಗೇ ಬಿದ್ದಿರುವ ಹಡಗಿನ ಬಗ್ಗೆಯೂ ಹೆಚ್ಚು ಇರಲಾರದು. ನಿಜವಾದ ವಿವಾದ ಇವೆರಡರ ನಡುವಿನ ಕೆಲವಕ್ಕೆ ಸೀಮಿತ. ಅಮೆರಿಕದ ಜರಡಿಯಲ್ಲಿ 20 ಸಾವಿರದಲ್ಲಿ 87 ಉಳಿದದ್ದನ್ನು ನೆನೆಯಿರಿ; ಅದರಲ್ಲೂ ಹತ್ತಿರದಿಂದ ಪರೀಕ್ಷಿಸಿ, ಅಗತ್ಯವಿದ್ದರೆ ಎಣ್ಣೆ ತೆಗೆಯಬೇಕೆಂದು ಶಿಫಾರಸಾದದ್ದು 17ಕ್ಕೆ ಮಾತ್ರ. 8,569 ಎಂಬ ಅಂಕಿ ಕೇಳಿ ಕೈಚೆಲ್ಲುವ ಸರ್ಕಾರಗಳಿಗೆ, ಜರಡಿ ಹಿಡಿದರೆ ಕೆಲಸ ಎಷ್ಟು ಕಿರಿದಾಗುತ್ತದೆ ಎಂಬುದಕ್ಕೆ ಇದು ಪುರಾವೆ.

ನಮ್ಮ ಕಡಲಿನ ಮಾತು

ಹಿಂದೂ ಮಹಾಸಾಗರದಲ್ಲೂ ಇಂಥ ಟ್ಯಾಂಕರ್‌ಗಳಿವೆ. ಮಾಲ್ಡೀವ್ಸ್‌ನ ದಕ್ಷಿಣ ತುದಿಯ ಅಡ್ಡು ದ್ವೀಪವಲಯದಲ್ಲಿರುವ ‘ಬ್ರಿಟಿಷ್ ಲಾಯಲ್ಟಿ’ ಅದರಲ್ಲಿ ಒಂದು, ಅದರದ್ದು ವಿಚಿತ್ರ ಹಣೆಬರಹ. 1942ರ ಮೇ 30ರಂದು ಮಡಗಾಸ್ಕರ್‌ನ ಡಿಯೇಗೊ ಸುವಾರೆಜ್ ಬಂದರಿನಲ್ಲಿ ಜಪಾನಿನ ಪುಟಾಣಿ ಜಲಾಂತರ್ಗಾಮಿಯೊಂದು ಅದಕ್ಕೆ ಟಾರ್ಪೆಡೊ ಹೊಡೆದು ಮುಳುಗಿಸಿತು. ಮೇಲೆತ್ತಿ, ಅಡ್ಡುಗೆ ತಂದು, ಎಣ್ಣೆ ದಾಸ್ತಾನಿಗೆ ಬಳಸಿದರು. 1944ರ ಮಾರ್ಚ್ 9ರಂದು ಜರ್ಮನಿಯ ಯು-183 ಲಗೂನಿನ ಹೊರಗೇ ನಿಂತು, ರಕ್ಷಣಾ ಬಲೆಯ ಸಂದಿಯಿಂದ ಟಾರ್ಪೆಡೊ ತೂರಿಸಿ ಮತ್ತೆ ಹೊಡೆಯಿತು. ಆಗಲೂ ಉಳಿದ ಅದನ್ನು 1946ರ ಜನವರಿಯಲ್ಲಿ ಬ್ರಿಟಿಷರೇ ಲಗೂನಿನ ಒಳಗೆ ಮುಳುಗಿಸಿ ಹೋದರು. ಆಮೇಲೆ ದಶಕಗಳ ಕಾಲ ಅದರ ಎಣ್ಣೆ ಅಲ್ಲಿನ ದಂಡೆಗಳನ್ನು ಕಾಡಿತು. ಈಗ ಅದು ಸುಮಾರು 33 ಮೀಟರ್ ಆಳದಲ್ಲಿ ಹವಳ ಹೊದ್ದು ಮಲಗಿದೆ, ಪ್ರವಾಸಿಗರು ಮುಳುಗಿ ನೋಡಿಬರುತ್ತಾರೆ. ಎರಡು ಶತ್ರುದೇಶಗಳು ಹೊಡೆದರೂ, ಕೊನೆಗೆ ಅಲ್ಲಿ ಮುಳುಗಿಸಿದವರು ಮಾಲೀಕರ ಕಡೆಯವರೇ. ಹೊಣೆಯ ಪ್ರಶ್ನೆ ಎಷ್ಟು ಜಟಿಲ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಕರ್ನಾಟಕದ ಕರಾವಳಿಯ ಅನುಭವವೆಲ್ಲ ಇತ್ತೀಚಿನ ಹಡಗುಗಳದ್ದು. 2006ರ ಮೇ 30ರಂದು ಕಾರವಾರದ ಬಳಿ ಬಂಡೆಗೆ ಬಡಿದ ‘ಓಶನ್ ಸೆರಾಯ’ದಿಂದ ಸುಮಾರು 650 ಟನ್ ಇಂಧನ ಎಣ್ಣೆ ಚೆಲ್ಲಿ ಗೋವಾದವರೆಗೂ ಹೋಯಿತು. 2022ರ ಜೂನ್‌ನಲ್ಲಿ ಉಳ್ಳಾಲದ ಎದುರು ‘ಪ್ರಿನ್ಸೆಸ್ ಮಿರಾಲ್’ ಕುಳಿತಾಗ ಅದರ ಇಂಧನ ಹೊರಬಂದರೆ ಏನು ಗತಿ ಎಂದು ಮೀನುಗಾರರು ಮಳೆಗಾಲವಿಡೀ ಆತಂಕದಲ್ಲಿದ್ದರು. 2025ರ ಜೂನ್‌ನಲ್ಲಿ ಕಡಲಲ್ಲಿ ಹೊತ್ತಿ ಉರಿದ ‘ವಾನ್ ಹೈ 503’ರಿಂದ ಪಾರಾದ 18 ಸಿಬ್ಬಂದಿಯನ್ನು ನೌಕಾಪಡೆ ತಂದಿಳಿಸಿದ್ದು ಮಂಗಳೂರಿನಲ್ಲೇ. ಎಣ್ಣೆ ದಡಕ್ಕೆ ಬಂದರೆ ಮೊದಲು ಹೊಡೆತ ಬೀಳುವುದು ಮೀನು ಮಾರುಕಟ್ಟೆಗೆ. ಬಲೆ ಹಾಳಾಗುವುದು ಆಮೇಲಿನ ಮಾತು. ವಾಸನೆಯ ಸುದ್ದಿ ಹಬ್ಬಿದ ದಿನವೇ ಮೀನು ಕೇಳುವವರಿರುವುದಿಲ್ಲ.

ಭಾರತದಲ್ಲಿ ತೈಲ ಸೋರಿಕೆ ಎದುರಿಸುವ ರಾಷ್ಟ್ರೀಯ ಯೋಜನೆ 1996ರಿಂದ ಇದೆ, ಕೋಸ್ಟ್ ಗಾರ್ಡ್ ಅದರ ಹೊಣೆ ಹೊತ್ತಿದೆ. ಎಣ್ಣೆ ನೀರಿನ ಮೇಲೆ ಬಂದ ನಂತರ ಏನು ಮಾಡಬೇಕು ಎಂಬುದೇ ಅದರ ಕೇಂದ್ರ. ನೈರೋಬಿ ಒಪ್ಪಂದಕ್ಕೂ ಭಾರತ ಸೇರಿದೆ, 1958ರ ವ್ಯಾಪಾರಿ ನೌಕಾಯಾನ ಕಾಯ್ದೆಯ ಬದಲು 2025ರಲ್ಲಿ ಹೊಸ ಕಾಯ್ದೆಯೂ ಬಂತು. ಇವೆಲ್ಲ ನಾಳೆ ಮುಳುಗುವ ಹಡಗಿಗೆ ಉಪಯೋಗ. 1942–44ರಲ್ಲಿ ಅರಬ್ಬೀ ಸಮುದ್ರದಲ್ಲೂ ಬಂಗಾಳ ಕೊಲ್ಲಿಯಲ್ಲೂ ಮುಳುಗಿದವುಗಳಿಗೆ ಬೇಕಾದದ್ದು ಬೇರೆ, ಅದು ಶುರುವಾಗುವುದು ಕಡಲಿನಲ್ಲಿ ಅಲ್ಲ, ದಾಖಲೆಕೋಣೆಯಲ್ಲಿ. ಯಾವ ಹಡಗು ಎಲ್ಲಿಂದ ಎಲ್ಲಿಗೆ, ಏನು ತುಂಬಿಕೊಂಡು ಹೊರಟಿತ್ತು ಎಂಬುದು ಬ್ರಿಟಿಷ್ ನೌಕಾ ಕಡತಗಳಲ್ಲಿದೆ. ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಟಾರ್ಪೆಡೊ ಹೊಡೆದೆವು ಎಂದು ಯು-ಬೋಟ್‌ಗಳ ದಿನಚರಿಗಳಲ್ಲಿ ಬರೆದಿಟ್ಟಿದ್ದಾರೆ. ಎರಡನ್ನೂ ಎದುರುಬದುರು ಇಟ್ಟು, ತುಂಬಿದವು ಯಾವುವು, ಖಾಲಿ ಯಾವುವು, ಆಳವೆಷ್ಟು, ದಡಕ್ಕೆ ಎಷ್ಟು ದೂರ ಎಂದು ವಿಂಗಡಿಸಲು ಕೆಲವೇ ಸಂಶೋಧಕರು ಸಾಕು; ಅದರ ಖರ್ಚು, ಒಂದು ಸಮೀಕ್ಷಾ ಹಡಗನ್ನು ಕೆಲವು ದಿನ ಬಾಡಿಗೆಗೆ ಹಿಡಿಯುವುದಕ್ಕಿಂತ ಹೆಚ್ಚಾಗಲಾರದು.